ಕಳವಿನ ಕಿಟಕಿಯೊಳಗೆ ಸಿಕ್ಕಿಬಿದ್ದ ಕನ್ನಡ

(ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಲ್ಲಿ, ರಜೆಗೆಂದು ಊರಿಗೆ ಬಂದಿದ್ದ ನಗರದ ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹರೂಪ)



ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಪುಣೆಗಳಿಂದ ಬಸ್ಸಿನಲ್ಲಿ ನಿಂತುಕೊಂಡು ಊರಿಗೆ ಬಂದಿದ್ದೀರಿ. ಮನೆಯಲ್ಲಿ ಹೋಳಿಗೆ ಕಾಯುತ್ತಿದೆ. ಇಂಥ ಹೊತ್ತಿನಲ್ಲಿ ಕನ್ನಡದ ಭಾಷಣ ಎಂದರೆ ನಿಮ್ಮ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ನಾಡು, ನುಡಿ, ಗಡಿ, ನಾಮಫಲಕ... ಕೇಳಿ ಕೇಳಿ ನಿಮ್ಮ ಕಿವಿ ದಣಿದಿವೆ. ಹೆದರಬೇಡಿ. ಇವತ್ತು ನಾನು ಯಾರ ವಿರುದ್ಧವೂ ಘೋಷಣೆ ಕೂಗುವುದಿಲ್ಲ. ಒಂದು ಸಾಯುತ್ತಿರುವ ಗಣಕಯಂತ್ರದ ಕತೆ ಹೇಳುತ್ತೇನೆ, ಅಷ್ಟೆ. ಅದರ ಹೊಟ್ಟೆಯೊಳಗೆ ನಮ್ಮ ಕನ್ನಡ ಇತ್ತು. ಆದ್ದರಿಂದ ಹೇಳುತ್ತೇನೆ.

ಈ ಸೀಮೆಯಲ್ಲಿ ಒಂದು ಡಿಟಿಪಿ ಅಂಗಡಿ. ಹೆಸರು ಬೇಡ; ಅಂಥವು ಊರಿಗೊಂದಿವೆ, ನೀವೇ ಹೆಸರು ಹಾಕಿಕೊಳ್ಳಿ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ಉತಾರಕ್ಕೆ ಸಂಬಂಧಪಟ್ಟ ಅರ್ಜಿ, ತೀರಿಕೊಂಡವರ ಫೋಟೋ ಕೆಳಗಿನ ನಾಲ್ಕು ಸಾಲು. ಇಪ್ಪತ್ತು ವರ್ಷದಿಂದ ಈ ಸುತ್ತಿನ ಹಳ್ಳಿಗಳ ಬರವಣಿಗೆಯೆಲ್ಲ ಆ ಒಂದು ಕೀಲಿಮಣೆಯ ಮೇಲೆ ಹಾದು ಹೋಗಿದೆ. ಸರ್ಕಾರದ ಯಾವ ದಾಖಲಾಲಯದಲ್ಲೂ ಅದರ ನಕಲು ಸಿಗುವುದಿಲ್ಲ.

ಆ ಅಂಗಡಿಗೆ ನಿಮ್ಮಂಥ ಒಬ್ಬ ಹುಡುಗ ಬಂದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರಿ. ಅವನ ಅಜ್ಜ ಸಣ್ಣಾಟದ ಮೇಳದಲ್ಲಿ ಹಾಡಿದವರು. ಸಂಗ್ಯಾ-ಬಾಳ್ಯಾ ಹುಟ್ಟಿದ ಬೈಲಹೊಂಗಲದ ನೆಲ ಇದು, ಪಾರಿಜಾತದ ಕುಲಗೋಡ ತಮ್ಮಣ್ಣನ ಊರೂ ಇದೇ ಜಿಲ್ಲೆಯದು. ಇಂಥ ಕಡೆ ಮನೆಗೊಂದು ಹಾಡಿನ ವಹಿ ಇದ್ದರೆ ಆಶ್ಚರ್ಯವೇನೂ ಇಲ್ಲ. ಅಜ್ಜನ ವಹಿಯನ್ನು ೨೦೦೯ರಲ್ಲಿ ಈ ಅಂಗಡಿಯಲ್ಲಿ ಟೈಪ್ ಮಾಡಿಸಿ ನಾಲ್ಕಾರು ಪ್ರತಿ ತೆಗೆಸಿದ್ದರು. ಆಮೇಲೆ ಅಜ್ಜ ಹೋದರು. ವಹಿಗೆ ಗೆದ್ದಲು ಹತ್ತಿತು. ಪ್ರತಿಗಳನ್ನು ಯಾರ್‍ಯಾರೋ ಒಯ್ದರು.

"ಕಾಕಾ, ನಮ್ಮ ಅಜ್ಜನ ವಹಿದ್ದು ಫೈಲ್ ಐತೇನ್ರಿ?"

"ಐತಲ್ಲೋ ತಮ್ಮಾ, ಎಲ್ಲಿ ಹೊಕ್ಕೈತಿ? ಯಂತ್ರದಾಗ ಐತಿ. ಆದರ ಯಂತ್ರಾನ ಚಾಲೂ ಆಗವಲ್ದು."

ಕಾಕಾ ಸಿಪಿಯು ಡಬ್ಬಿಗೆ ಎರಡು ಬಡಿದರು. ಫ್ಯಾನಿನ ಧೂಳು ಊದಿದರು. ಮೂರನೆಯ ಸಲಕ್ಕೆ ಯಂತ್ರ ಮುಲುಗಿತು. ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಮುಗಿಲು. ವಿಂಡೋಸ್ ಎಕ್ಸ್‌ಪಿ! ೨೦೦೧ರಲ್ಲಿ ಹುಟ್ಟಿದ್ದು, ೨೦೧೪ರ ಏಪ್ರಿಲ್ ೮ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೈ ತೊಳೆದುಕೊಂಡದ್ದು. ಅದೂ ಕಾಸು ಕೊಟ್ಟು ಕೊಂಡದ್ದಲ್ಲ. ಯಾರೋ ಕೊಟ್ಟ ಸೀಡಿಯಿಂದ ಹಾಕಿದ್ದು.

ಹುಡುಗ ಪೆನ್‌ಡ್ರೈವಿಗೆ ಫೈಲ್ ಇಳಿಸಿಕೊಂಡು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ಮೊದಲು ಆಂಟಿವೈರಸ್ ಬೊಬ್ಬೆ ಹೊಡೆಯಿತು. ಅದನ್ನು ಸುಮ್ಮನಾಗಿಸಿ ಫೈಲ್ ತೆರೆದರೆ ಅಜ್ಜನ ಹಾಡು ಇಲ್ಲ! ಒಂದು ಕನ್ನಡದ ಅಕ್ಷರವೂ ಇಲ್ಲ. 'ಕನ್ನಡ' ಎಂಬ ಪದ ಇರಬೇಕಾದ ಕಡೆ ಏನಿತ್ತು ಗೊತ್ತೆ? ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಒಂದು ಎ, ಇಂಗ್ಲೆಂಡಿನ ಪೌಂಡ್ ಹಣದ ಗುರುತು, ಮತ್ತೊಂದು ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಕ್ಯೂ, ಮತ್ತೆ ಗೀಟಿನ ಎ. ಕನ್ನಡ ಎಂಬ ಮೂರಕ್ಷರಕ್ಕೆ ಮೂರು ದೇಶದ ಸಂತೆ!

"ಕಾಕಾ, ಫೈಲ್ ಕೆಟ್ಟೈತ್ರಿ," ಎಂದ ಹುಡುಗ.

ಫೈಲ್ ಕೆಟ್ಟಿರಲಿಲ್ಲ. ಕಂಪ್ಯೂಟರ್ ಓದಿದ ಆ ಹುಡುಗನಿಗೆ ಇದು ತಿಳಿದಿರಲಿಲ್ಲ ಎಂಬುದೇ ನನಗೆ ಬೇಸರ ತಂದದ್ದು. ನಿಮಗೂ ತಿಳಿದಿಲ್ಲದಿದ್ದರೆ ಕೇಳಿ.

ತೊಂಬತ್ತರ ದಶಕದಲ್ಲಿ ಗಣಕಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ವಿಂಡೋಸ್ ೯೫, ೯೮ಕ್ಕೆ ಕನ್ನಡ ಎಂಬ ಭಾಷೆ ಭೂಮಿಯ ಮೇಲಿದೆ ಎಂದೇ ಗೊತ್ತಿರಲಿಲ್ಲ. ಆಗ ನಮ್ಮವರು ಕೈಕಟ್ಟಿ ಕೂರಲಿಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಾವೆಲ್ಲ ಕೆ.ಪಿ. ರಾವ್ ಎನ್ನುವ ಹಿರಿಯರು, ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡ ಮೂಡಿಸುವ ವಿನ್ಯಾಸ ರೂಪಿಸಿದರು. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ. ಇವತ್ತು ಸರ್ಕಾರಿ ಕಚೇರಿಯ ಗುಮಾಸ್ತರ ಬೆರಳು ಓಡುವುದು ಅದೇ ದಾರಿಯಲ್ಲಿ. ೧೯೯೮ರಲ್ಲಿ ಶೇಷಾದ್ರಿವಾಸು ಅವರು 'ಬರಹ' ಹೊರತಂದರು. ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ 'ನುಡಿ' ಮಾಡಿಕೊಟ್ಟಿತು, ಅದು ಪುಕ್ಕಟೆ ಹಂಚಿಕೆಯಾಯಿತು. ಇವರ ಋಣ ದೊಡ್ಡದು. ಅದನ್ನು ಮರೆತು ಮಾತಾಡುವ ನಾಲಗೆ ನನಗಿಲ್ಲ.

ಆದರೆ ಆ ಕಾಲದ ಉಪಾಯವನ್ನು ಉಪಾಯವೆಂದೇ ತಿಳಿಯಬೇಕು. ಇಂಗ್ಲಿಷ್ ಅಕ್ಷರಗಳು ಕೂರುವ ಮನೆಗಳು ಒಟ್ಟು ೨೫೬. ಆ ಮನೆಗಳಲ್ಲಿ ಇಂಗ್ಲಿಷಿನ ಚಿತ್ರ ತೆಗೆದು ಕನ್ನಡದ ಚೂರುಗಳ ಚಿತ್ರ ಅಂಟಿಸಿದರು. ಪಿ ಇರುವ ಕಡೆ ಕ-ದ ಮೈ, ಗೀಟಿನ ಎ ಇರುವ ಕಡೆ ತಲೆಕಟ್ಟು, ಪೌಂಡಿನ ಕಡೆ ನ-ದ ಮೈ, ಜರ್ಮನ್ ಅಕ್ಷರದ ಕಡೆ ನ-ದ ಒತ್ತು. ಕಣ್ಣಿಗೆ ಕನ್ನಡ ಕಂಡಿತು. ಯಂತ್ರದ ಲೆಕ್ಕದಲ್ಲಿ ಮಾತ್ರ ಅದು ಇಂಗ್ಲಿಷೇ. ಬಯಲಾಟದ ಹೆಣ್ಣುವೇಷದ ಹಾಗೆ! ಸೀರೆ ಉಟ್ಟರೆ ದ್ರೌಪದಿ, ಬಿಚ್ಚಿಟ್ಟರೆ ನಮ್ಮ ಓಣಿಯ ಬಸಪ್ಪ. ಆ ಫಾಂಟ್ ಎಂಬ ಸೀರೆ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಬಸಪ್ಪ ಕಂಡ. ಅಷ್ಟೇ ಆದದ್ದು.

ಇದಕ್ಕೆ ಮದ್ದು ಯುನಿಕೋಡ್. ಲೋಕದ ಪ್ರತಿ ಲಿಪಿಗೂ ಬೇರೆ ಬೇರೆ ಓಣಿ, ಪ್ರತಿ ಅಕ್ಷರಕ್ಕೂ ತನ್ನದೇ ಮನೆ ನಂಬರು. ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಲ್ಲೇ ೧೨೮ ನಿವೇಶನದ ಓಣಿ ಸಿಕ್ಕಿದೆ. ಅಲ್ಲಿ ಕ ಎಂದರೆ ಕ ಮಾತ್ರ. ಫಾಂಟ್ ಯಾವುದೇ ಇರಲಿ, ಯಂತ್ರ ಯಾವ ದೇಶದ್ದೇ ಇರಲಿ. ವಿಂಡೋಸಿಗೆ ಇಂಥ ಕನ್ನಡ ಬಂದದ್ದು ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಫಾಂಟಿನ ಜೊತೆ. ಎಂಥ ಹೆಸರು ನೋಡಿ! ಅಂದರೆ ಕಾಕಾನ ಯಂತ್ರದ ಎಕ್ಸ್‌ಪಿಗೆ ಹುಟ್ಟಿನಿಂದಲೇ ಶುದ್ಧ ಕನ್ನಡ ಬರಬೇಕಿತ್ತು. ಹಾಗಾದರೆ ೨೦೦೯ರಲ್ಲಿ ಅಜ್ಜನ ವಹಿಯನ್ನು ಅವರು ಹಳೆಯ ವೇಷದ ಕನ್ನಡದಲ್ಲೇ ಯಾಕೆ ಟೈಪ್ ಮಾಡಿದರು?

ಕಾಕಾನನ್ನೇ ಕೇಳಿದೆ. "ಯುನಿಕೋಡ್ ಹಾಕಿ ನೋಡಿದ್ನಿರೀ. ಬರೇ ಚೌಕ ಚೌಕ ಬರ್ತಿದ್ದು. ಯಾರೋ ಫಾಂಟ್ ತಂದು ಕೊಟ್ರು, ಆವಾಗ ಒತ್ತಕ್ಷರ ಬಿಡಿಬಿಡಿ ಆಗಿ ಬಂದ್ವು. ನುಡಿ ಹಾಕಿದ್ರ ಸರಳ ಬರ್ತೈತಿ. ನಾ ಯಾಕ ತಲಿ ಕೆಡಿಸ್ಕೊಳ್ಳಿ?"

ಇಲ್ಲಿಗೆ ಬಂತು ನೋಡಿ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಕ್ಸ್‌ಪಿಯಲ್ಲಿ ಕನ್ನಡ ಇತ್ತು, ಆದರೆ ಬಾಗಿಲು ಮುಚ್ಚಿತ್ತು. ಕಂಟ್ರೋಲ್ ಪ್ಯಾನೆಲಿಗೆ ಹೋಗಿ, ಭಾಷೆಗಳ ಪುಟ ತೆರೆದು, ಸಂಕೀರ್ಣ ಲಿಪಿಗಳ ಬೆಂಬಲ ಬೇಕು ಎಂದು ಒಂದು ಗುರುತು ಹಾಕಬೇಕು. ಆಗ ಅದು ಮೂಲ ಸೀಡಿ ಕೇಳುತ್ತದೆ. ಸೀಡಿಯಿಂದ ಕಡತಗಳನ್ನು ಎಳೆದುಕೊಂಡ ಮೇಲೆ ತುಂಗಾ ಬರುತ್ತದೆ, ಒತ್ತಕ್ಷರ ಕೂಡಿಸುವ ಚಾಕಚಕ್ಯತೆಯೂ ಬರುತ್ತದೆ. ಕಾಕಾನ ಹತ್ತಿರ ಮೂಲ ಸೀಡಿ ಎಲ್ಲಿಂದ ಬರಬೇಕು? ಅವರದು 'ಸಣ್ಣ ಎಕ್ಸ್‌ಪಿ'. ಆ ಕಾಲದಲ್ಲಿ ಇಂಥವು ಬಹಳ ಓಡಾಡುತ್ತಿದ್ದವು. ಯಾವುದೋ ದೇಶದಲ್ಲಿ ಯಾವನೋ ಕೂತು, ಹಳೆಯ ಯಂತ್ರದಲ್ಲೂ ಜೋರಾಗಿ ಓಡಲಿ ಎಂದು ಎಕ್ಸ್‌ಪಿಯ ಕೈಕಾಲು ಕತ್ತರಿಸಿ, ಬೇಡದ್ದನ್ನೆಲ್ಲ ಎಸೆದು, ಒಂದು ಸೀಡಿಯ ಮೂಲೆಯಲ್ಲಿ ಹಿಡಿಯುವಷ್ಟು ಮಾಡುತ್ತಿದ್ದ. ಅವನ ಲೆಕ್ಕದಲ್ಲಿ ಬೇಡದ್ದು ಯಾವುದು? ಆಟಗಳು, ಸಹಾಯದ ಪುಟಗಳು, ಮೋಡೆಮ್ಮಿನ ಕಡತಗಳು. ಜೊತೆಗೆ, ತನಗೆ ಬಾರದ ಭಾಷೆಗಳು!

ತಿಳಿಯಿತೇ ಗೆಳೆಯರೆ? ಕಸ ಎಂದು ಗುಡಿಸಿ ಎಸೆದ ರಾಶಿಯಲ್ಲಿ ನಮ್ಮ ಭಾಷೆಯೂ ಇತ್ತು. ಎಸೆದವನಿಗೆ ಕನ್ನಡದ ಮೇಲೆ ಸಿಟ್ಟೇನೂ ಇರಲಿಲ್ಲ. ಅವನು ಕನ್ನಡದ ಹೆಸರನ್ನೇ ಕೇಳಿರಲಿಕ್ಕಿಲ್ಲ. ಆ ಕಸದಿಂದ ಕನ್ನಡ ತೆಗೆದ ಸೀಡಿಯನ್ನು ಚಹಾ-ಚೂಡಾದ ಖರ್ಚಿನಷ್ಟು ಕೊಟ್ಟು ತಂದು ಸಂತೋಷದಿಂದ ಹಾಕಿಕೊಂಡವರು ನಾವು. ನಾಮಫಲಕದಲ್ಲಿ ಕನ್ನಡ ಸಣ್ಣದಾಯಿತೆಂದು ಡಾಂಬರು ಹಿಡಿದು ಏಣಿ ಹತ್ತಿದವರ ಕಚೇರಿಯ ಗಣಕದಲ್ಲೂ ಇದೇ ಕತ್ತರಿಸಿದ ಎಕ್ಸ್‌ಪಿ ಓಡುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ಮನೆಯಲ್ಲೂ ಇತ್ತು, ಮುಚ್ಚಿಡುವುದೇಕೆ!

ಇದರ ಫಲ ಏನಾಯಿತು? ಇಂಥ ಯಂತ್ರದಲ್ಲಿ ಯುನಿಕೋಡ್ ಕನ್ನಡ ಮುರಿದು ಬಂತು; ವೇಷದ ಕನ್ನಡ ಮಾತ್ರ ಸೊಗಸಾಗಿ ಬಂತು, ಯಾಕೆಂದರೆ ಯಂತ್ರಕ್ಕೆ ಅದು ಇಂಗ್ಲಿಷು. ಜನ ಏನೆಂದರು? 'ಯುನಿಕೋಡ್ ಸರಿಯಿಲ್ಲ.' ತಪ್ಪು ಯಾರದು, ಬೈಗುಳ ಯಾರಿಗೆ! ಸರ್ಕಾರ ತಡವಾಗಿಯಾದರೂ ಯುನಿಕೋಡ್ ಬಳಸಿ ಎಂದಾಗಲೂ ಅಂಗಡಿ ಅಂಗಡಿಗಳಲ್ಲಿ ಹಳೆಯದೇ ಮುಂದುವರಿದದ್ದಕ್ಕೆ ಹಲವು ಕಾರಣ ಇವೆ. ಪೇಜ್‌ಮೇಕರಿಗೆ ಯುನಿಕೋಡ್ ಗೊತ್ತೇ ಇಲ್ಲ. ೨೦೦೧ರ ಏಳನೆಯ ಆವೃತ್ತಿಯೇ ಅದರ ಕೊನೆ. ಮುದ್ರಣದವರ ಕೈ ಪೇಜ್‌ಮೇಕರಿಗೇ ಒಗ್ಗಿತ್ತು. ಆದರೆ ಈ ಕತ್ತರಿಸಿದ ಕಿಟಕಿಯ ಪಾಲೂ ಸಣ್ಣದಲ್ಲ. ಅದನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಹೇಳಿದರೆ ತಾನು ಕದ್ದದ್ದನ್ನು ಒಪ್ಪಿಕೊಂಡಂತೆ.

ಮುಂದೆ ಕೇಳಿ. ಒಂದು ಸುಳ್ಳು ಹೇಳಿದರೆ ಅದನ್ನು ಕಾಯಲು ಹತ್ತು ಸುಳ್ಳು ಬೇಕಲ್ಲ, ಕಳವಿನ ಕಿಟಕಿಯ ಪಾಡೂ ಅದೇ. ೨೦೦೮ರಲ್ಲಿ ಮೈಕ್ರೋಸಾಫ್ಟ್ ಒಂದು ಅಪ್‌ಡೇಟ್ ಬಿಟ್ಟಿತು. ನಿಮ್ಮ ಎಕ್ಸ್‌ಪಿ ಅಸಲಿಯಲ್ಲ ಎಂದು ಕಂಡುಬಂದರೆ ಗಂಟೆಗೊಮ್ಮೆ ಪರದೆಯ ಹಿನ್ನೆಲೆ ಕಪ್ಪಾಗುತ್ತಿತ್ತು. ಎದುರಿಗೆ ಗಿರಾಕಿ ಕೂತಿದ್ದಾನೆ, ಲಗ್ನಪತ್ರಿಕೆ ನೋಡುತ್ತಿದ್ದಾನೆ, ಹಸಿರು ಗುಡ್ಡ ಮಾಯವಾಗಿ ಕರಿ ಪರದೆ! ಅಪಶಕುನ! ಕಾಕಾ ಏನು ಮಾಡಿದರು? ಊರೆಲ್ಲ ಮಾಡಿದ್ದನ್ನೇ ಮಾಡಿದರು. ಅಪ್‌ಡೇಟನ್ನೇ ಬಂದ್ ಮಾಡಿದರು. ಕರಿ ಪರದೆ ಹೋಯಿತು. ಅದರ ಜೊತೆ ರಕ್ಷಣೆಯೂ ಹೋಯಿತು.

ಅದೇ ವರ್ಷ ನವೆಂಬರಿನಲ್ಲಿ ಕಾನ್‌ಫಿಕರ್ ಎಂಬ ಹುಳು ಲೋಕವನ್ನೆಲ್ಲ ಹೊಕ್ಕಿತು. ಜಾಲದಲ್ಲೂ ಹರಡಿತು, ಪೆನ್‌ಡ್ರೈವಿನಲ್ಲೂ ಹರಡಿತು. ಅದು ನುಗ್ಗುವ ಕಿಂಡಿಗೆ ತೇಪೆ ಅಕ್ಟೋಬರಿನಲ್ಲೇ ಬಂದಿತ್ತು. ಅಪ್‌ಡೇಟ್ ಬಂದ್ ಮಾಡಿದವರಿಗೆ ತೇಪೆ ತಲುಪಲಿಲ್ಲ. ೨೦೧೭ರ ಮೇ ೧೨ರಂದು ವಾನಾಕ್ರೈ ಬಂತು, ಕಡತಗಳಿಗೆಲ್ಲ ಬೀಗ ಜಡಿದು ದುಡ್ಡು ಕೇಳುವ ದರೋಡೆ. ಬೆಂಬಲ ಇನ್ನೂ ಇದ್ದ ವಿಂಡೋಸುಗಳಿಗೆ ಅದಕ್ಕೂ ಮಾರ್ಚಿಯಲ್ಲೇ ಮದ್ದು ಬಂದಿತ್ತು. ಎರಡೂ ಸಲ ರೋಗಕ್ಕಿಂತ ಮೊದಲು ಮದ್ದು ಬಂದು ಬಾಗಿಲಲ್ಲಿ ನಿಂತಿತ್ತು. ಬಾಗಿಲನ್ನು ನಾವೇ ಒಳಗಿಂದ ಚಿಲಕ ಹಾಕಿದ್ದೆವು.

ದೊಡ್ಡ ದರೋಡೆ ಬಿಡಿ, ಸಣ್ಣದೊಂದು ಹೇಳುತ್ತೇನೆ. ರೂಪಾಯಿಯ ಗುರುತು! ೨೦೧೦ರ ಜುಲೈ ೧೫ರಂದು ಉದಯಕುಮಾರ್ ಬರೆದ ಗುರುತನ್ನು ಭಾರತ ಸರ್ಕಾರ ಒಪ್ಪಿತು. ಅದೇ ಅಕ್ಟೋಬರಿನಲ್ಲಿ ಯುನಿಕೋಡಿನಲ್ಲಿ ಅದಕ್ಕೆ ಮನೆ ಸಿಕ್ಕಿತು. ಮರುವರ್ಷ ವಿಂಡೋಸ್ ೭ಕ್ಕೆ ಅಪ್‌ಡೇಟಿನ ಮೂಲಕ ಬಂತು. ಅಪ್‌ಡೇಟ್ ಬಂದ್ ಮಾಡಿದ ಕಳವಿನ ವಿಂಡೋಸ್ ೭ರಲ್ಲಿ? ಚೌಕ. ತನ್ನ ದೇಶದ ಹಣದ ಗುರುತು ತನ್ನ ಅಂಗಡಿಯ ಬಿಲ್ಲಿನಲ್ಲಿ ಖಾಲಿ ಡಬ್ಬಿ! ಆದರೆ ಇಂಗ್ಲೆಂಡಿನ ಪೌಂಡು ಮಾತ್ರ ಅಜ್ಜನ ಹಾಡಿನ ನಡುನಡುವೆ ಠಾಕುಠೀಕಾಗಿ ಕೂತಿತ್ತು.

ಇನ್ನು ಬ್ರೌಸರ್. ಎಕ್ಸ್‌ಪಿಗೆ ಕ್ರೋಮಿನ ಕೊನೆಯ ಆವೃತ್ತಿ ೪೯, ಅದೂ ೨೦೧೬ರ ಏಪ್ರಿಲಿಗೆ ನಿಂತಿತು. ವಿಂಡೋಸ್ ೭ಕ್ಕೆ ೧೦೯ೇ ಕೊನೆ, ೨೦೨೩ರ ಫೆಬ್ರುವರಿಯಿಂದ ಹೊಸದಿಲ್ಲ. ಬ್ರೌಸರ್ ಹಳತಾದರೆ ತಾಣಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಭದ್ರತೆಯ ಪ್ರಮಾಣಪತ್ರ ಸರಿಯಿಲ್ಲ ಎನ್ನುತ್ತವೆ, ಪುಟ ಅರ್ಧಕ್ಕೆ ನಿಲ್ಲುತ್ತದೆ. ಅರ್ಜಿ ತುಂಬಿಸಲು ಬಂದ ರೈತ ಇಂಟರ್‌ನೆಟ್ ಇಲ್ಲವೆಂದು ತಿಳಿದು ವಾಪಸಾಗುತ್ತಾನೆ. ಇಂಟರ್‌ನೆಟ್ ಇದೆ. ಕಿಟಕಿಗೆ ಮೊಳೆ ಹೊಡೆದಿದೆ.

ಹೊಸ ಯಂತ್ರ ತಂದರೆ ಎಲ್ಲ ಸರಿಹೋಗುತ್ತದೆಯೇ? ಅಲ್ಲೂ ಗೋಳು. ಈಗಿನ ವಿಂಡೋಸ್ ೬೪ ಬಿಟ್ಟಿನದು. ಹಳೆಯ ೧೬ ಬಿಟ್ಟಿನ ತಂತ್ರಾಂಶ ಅದರಲ್ಲಿ ಏಳುವುದೇ ಇಲ್ಲ. ಕೆಲವು ತಂತ್ರಾಂಶ ೩೨ ಬಿಟ್ಟಿನದಾಗಿದ್ದರೂ ಅದನ್ನು ಅಳವಡಿಸುವ ಕಡತ ೧೬ ಬಿಟ್ಟಿನದಾಗಿರುತ್ತದೆ, ಹೊಸ್ತಿಲಲ್ಲೇ ಮುಗ್ಗರಿಸುತ್ತದೆ. ಹಳೆಯ ಡಿಟಿಪಿ ತಂತ್ರಾಂಶ ಕೆಲವಕ್ಕೆ ಯಂತ್ರದ ಹಿಂದೆ ಚುಚ್ಚುವ ಬೀಗ ಇರುತ್ತಿತ್ತಲ್ಲ, ಅದರ ೩೨ ಬಿಟ್ಟಿನ ಡ್ರೈವರ್ ೬೪ ಬಿಟ್ಟಿನಲ್ಲಿ ನಡೆಯದು. ಹಳೆಯ ಪ್ರಿಂಟರಿನದೂ ಅದೇ ಹಾಡು. ದುಡ್ಡು ಕೊಟ್ಟು ಪ್ರಾಮಾಣಿಕವಾಗಿ ಕೊಂಡ ಡಿಟಿಪಿ ತಂತ್ರಾಂಶವನ್ನು ಕಳವಿನ ಕಿಟಕಿಯ ಮೇಲೆ ಕೂರಿಸಿದವರೂ ಇದ್ದರು. ಅಸಲಿ ಮಾಲಿಗೆ ನಕಲಿ ನೆಲ. ಯಂತ್ರ ಸತ್ತ ದಿನ ಎರಡೂ ಹೋದವು.

ನಿಮ್ಮಲ್ಲಿ ಕೆಲವರು ಮುಸಿಮುಸಿ ನಗುತ್ತಿದ್ದೀರಿ. ಹಳ್ಳಿಯ ಕಾಕಾ, ಹಳೆಯ ಎಕ್ಸ್‌ಪಿ ಎಂದು. ನಗಬೇಡಿ. ನಿಮ್ಮ ಪಿಜಿ ರೂಮಿನ ಲ್ಯಾಪ್‌ಟಾಪ್ ತೆಗೆಯಿರಿ. ವಿಂಡೋಸ್ ೧೦ ಇದೆಯೇ? ಅದರ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಅಸಲಿಯೇ ಅದು? ಅಥವಾ ಗೆಳೆಯ ಕೊಟ್ಟ 'ಆಕ್ಟಿವೇಟರ್' ಒತ್ತಿದ್ದೀರೋ? ಅದನ್ನು ಒತ್ತುವ ಮೊದಲು ಆಂಟಿವೈರಸ್ ಬಂದ್ ಮಾಡು ಎಂದು ಅದು ಹೇಳಿತಲ್ಲ, ಆಗ ನಿಮಗೆ ಏನೂ ಅನ್ನಿಸಲಿಲ್ಲವೇ? ಕಳ್ಳನೇ ಬಂದು 'ನಾಯಿ ಕಟ್ಟಿಹಾಕಿ, ಒಳಗೆ ಬರುತ್ತೇನೆ' ಎಂದ ಹಾಗೆ! ಕಾಕಾಗೆ ಮೂಲ ಸೀಡಿಯ ಬೆಲೆ ಅಂಗಡಿಯ ಗಳಿಕೆಗೆ ಮೀರಿತ್ತು, ಕೇಳಲು ಯಾರೂ ಇರಲಿಲ್ಲ. ನಿಮಗೆ ಆ ನೆಪ ಇದೆಯೇ ಎಂದು ನೀವೇ ಹೇಳಿ.

ಕಾನೂನು ಕೂಡ ಗೊತ್ತಿರಲಿ. ಕೃತಿಸ್ವಾಮ್ಯ ಕಾಯ್ದೆ ೧೯೫೭ಕ್ಕೆ ೧೯೯೪ರಲ್ಲಿ ತಿದ್ದುಪಡಿ ತಂದು ೬೩ಬಿ ಎಂಬ ಕಲಮು ಸೇರಿಸಿದರು. ಕಳವಿನ ತಂತ್ರಾಂಶವೆಂದು ತಿಳಿದೂ ಗಣಕದಲ್ಲಿ ಬಳಸಿದರೆ ೭ ದಿನದಿಂದ ೩ ವರ್ಷದವರೆಗೆ ಸೆರೆ, ೫೦ ಸಾವಿರದಿಂದ ೨ ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕೆ ಬಳಸಿಲ್ಲವಾದರೆ ನ್ಯಾಯಾಲಯ ಸೆರೆ ಬಿಟ್ಟು ೫೦ ಸಾವಿರದೊಳಗಿನ ದಂಡ ಹಾಕಬಹುದು. ಅಂಗಡಿ ವ್ಯಾಪಾರವೇ ತಾನೇ. ಪೊಲೀಸರು ಬರುತ್ತಾರೆ ಎಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಪೊಲೀಸರಿಗಿಂತ ಮೊದಲು ಹಾರ್ಡ್‌ಡಿಸ್ಕ್ ಕೈ ಕೊಡುತ್ತದೆ.

'ಹಾಗಾದರೆ ಕಂಪನಿಗೆ ದುಡ್ಡು ಸುರಿಯೋಣ ಅಂತೀರಾ?' ಎಂದು ಕೇಳುತ್ತೀರಿ. ಕೊಡುವ ಶಕ್ತಿ ಇದ್ದವರು ಕೊಡಿ. ಇಲ್ಲದವರಿಗೆ ಇನ್ನೊಂದು ದಾರಿ ಇದೆ, ಅದು ಕಳವಿನದಲ್ಲ. ಲಿನಕ್ಸ್. ಅದರ ಹೆಸರು ಕೇಳಿದರೆ ನಮ್ಮ ಹುಡುಗರು ಕಷಾಯ ಕುಡಿದ ಮುಖ ಮಾಡುತ್ತಾರೆ. ಆದರೆ ನೋಡಿ, ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಅದರೊಳಗೇ ಇದೆ, 'ಕಗಪ' ಎಂಬ ಹೆಸರಿನಲ್ಲಿ. ಕಾಕಾನ ಬೆರಳು ಹೊಸದು ಕಲಿಯಬೇಕಾಗಿಲ್ಲ. ಗುಬ್ಬಿ, ನವಿಲು ಎಂಬ ಕನ್ನಡದ ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲೇ ಪುಕ್ಕಟೆ ಸಿಗುತ್ತವೆ. ಲಿಬ್ರೆಆಫೀಸ್ ಇದೆ. ನಮ್ಮದೇ ಸಿ-ಡ್ಯಾಕ್ ಸಂಸ್ಥೆ ಬಾಸ್ ಎಂಬ ಲಿನಕ್ಸ್ ಹೊರತಂದು ಎಷ್ಟೋ ವರ್ಷವಾಯಿತು. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಲಿನಕ್ಸಿನಲ್ಲೇ ಗಣಕ ಕಲಿಯುತ್ತಾರೆ, ಅವರೇನು ಕೊಂಬು ಹೊತ್ತು ಹುಟ್ಟಿದವರೇ?

ಆದರೆ ಇದರಲ್ಲೂ ಕಷ್ಟ ಇದೆ, ಮುಚ್ಚಿಡುವುದಿಲ್ಲ. ೨೦೨೫ರ ಡೆಬಿಯನ್ ೧೩ರಿಂದ ೩೨ ಬಿಟ್ಟಿನ ಯಂತ್ರಕ್ಕೆ ಅಳವಡಿಸುವ ಕಡತ ಕೊಡುವುದನ್ನು ನಿಲ್ಲಿಸಿದ್ದಾರೆ. ಕಾಕಾನ ಡಬ್ಬಿಯಷ್ಟು ಹಳತಕ್ಕೆ ಅದು ಒಗ್ಗದು. ಪೇಜ್‌ಮೇಕರ್ ಅದರಲ್ಲಿ ಸರಳವಾಗಿ ಓಡುವುದಿಲ್ಲ. ಪ್ರೆಸ್ಸಿನವರು 'ನಮಗೆ ಪೇಜ್‌ಮೇಕರ್ ಫೈಲೇ ಬೇಕು' ಎಂದು ಹಟ ಹಿಡಿದರೆ ಲಿನಕ್ಸ್ ಹಾಕಿಕೊಂಡವನು ಪಿಡಿಎಫ್ ಮಾಡಿಕೊಟ್ಟು ಜಗಳಾಡಬೇಕು. ಜಗಳಾಡಿ. ಕನ್ನಡಕ್ಕಾಗಿ ಬಸ್ ಕಂಡಕ್ಟರ್ ಜೊತೆ ಜಗಳಾಡುವವರು ಪ್ರೆಸ್ಸಿನವರ ಜೊತೆ ನಾಲ್ಕು ಮಾತು ಆಡಲಾರಿರೇ?

ಸರಿ, ಅಜ್ಜನ ವಹಿಗೆ ಬರೋಣ.

ಲ್ಯಾಪ್‌ಟಾಪಿಗೆ ನುಡಿಯ ಫಾಂಟ್ ಹಾಕಿದೆವು. ಬಸಪ್ಪ ಸೀರೆ ಉಟ್ಟ. ಹಾಡು ಕಣ್ಣಿಗೆ ಕಂಡಿತು. ಹುಡುಗ ಕುಣಿದಾಡಿಬಿಟ್ಟ. ಆದರೆ ಅದನ್ನು ಹಾಗೆಯೇ ವಾಟ್ಸಾಪಿನಲ್ಲಿ ಕಳಿಸಿದರೆ ಅಕ್ಕನ ಮೊಬೈಲಿನಲ್ಲಿ ಮತ್ತೆ ಪೌಂಡು, ಮತ್ತೆ ಜರ್ಮನ್. ಹುಡುಕಿದರೂ ಸಿಗದು, ಯಾಕೆಂದರೆ ಹುಡುಕುವ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಯುನಿಕೋಡಿಗೆ ಪರಿವರ್ತಿಸಲೇಬೇಕು. ಪರಿವರ್ತಕಗಳು ಇವೆ, ಪುಕ್ಕಟೆ ಇವೆ, ಅರವಿಂದ ವಿ.ಕೆ. ಅವರು ಮಾಡಿ ಬಿಟ್ಟದ್ದನ್ನು ಎಷ್ಟೋ ಜನ ಬಳಸುತ್ತಾರೆ. ಹಾಕಿದೆವು. ಕ್ಷಣದಲ್ಲಿ ನೂರಕ್ಕೆ ತೊಂಬತ್ತು ಪಾಲು ಸರಿಬಂತು.

ಉಳಿದದ್ದೇ ಕೆಲಸ. ವೇಷದ ಕನ್ನಡದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರದ ಆಮೇಲೆ ಇರುತ್ತದೆ. ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ, ರ್ ಮೊದಲು. 'ವರ್ಷ' ಎಂಬಲ್ಲಿ ಷ ಮುಂದಿನ ಅರ್ಕಾವನ್ನು ಪರಿವರ್ತಕ ಎತ್ತಿ ಹಿಂದೆ ಇಡಬೇಕು. ಕಾಕಾ ಟೈಪ್ ಮಾಡುವಾಗ ನಡುವೆ ಒಂದು ಸ್ಪೇಸ್ ಬಿದ್ದಿದ್ದರೆ ಮುಗಿಯಿತು, ಅರ್ಕಾ ಅನಾಥ. ತಾಳದ ಹೆಸರಿನ ಪಕ್ಕ ಇಂಗ್ಲಿಷಿನಲ್ಲಿ ಬರೆದಿದ್ದ ತಾರೀಕು, ಊರ ಹೆಸರು ಎಲ್ಲ ಕನ್ನಡವೆಂದೇ ತಿಳಿದು ಅದನ್ನು ತಿರುಚಿ ಹಾಕಿತ್ತು. ಒಂದೊಂದು ಸಾಲೂ ಕೂತು ಓದಬೇಕು. ನಾಲ್ಕು ಸಂಜೆ ಓದಿದೆವು. ಹುಡುಗ ಓದಿದಂತೆ ಕಾಕಾ ಮೇಜಿನ ಮೇಲೆ ತಾಳ ಹಾಕುತ್ತಿದ್ದರು. "ಇಲ್ಲಿ ಒಂದು ಮಾತ್ರೆ ಕಮ್ಮಿ ಬಿತ್ತು, ಅಕ್ಷರ ಹೋಗೈತಿ ನೋಡು," ಎನ್ನುತ್ತಿದ್ದರು. ಹೋಗಿರುತ್ತಿತ್ತು! ಯಾವ ತಂತ್ರಾಂಶಕ್ಕೆ ಬರುತ್ತದೆ ಈ ವಿದ್ಯೆ?

ಕೊನೆಯ ಎರಡು ಪುಟ ಮಾತ್ರ ಕೈಗೆ ಹತ್ತಲಿಲ್ಲ. ಅವನ್ನು ಆಗ ಇನ್ನೊಂದು ಡಿಟಿಪಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಅದರ ಫಾಂಟಿನ ಮನೆ ನಂಬರುಗಳೇ ಬೇರೆ, ನುಡಿಯ ಸೀರೆ ಅದಕ್ಕೆ ಸಾಲದು. ಆ ತಂತ್ರಾಂಶಕ್ಕೆ ಬೀಗ ಬೇಕು, ಬೀಗ ಎಲ್ಲೋ ಕಳೆದಿದೆ. ಹಳೆಯ ಯಂತ್ರ ನಾಲ್ಕನೆಯ ಸಂಜೆ ಮಲಗಿತು. ಈ ಸಲ ಡಬ್ಬಿಗೆ ಎಷ್ಟು ಬಡಿದರೂ ಹಸಿರು ಗುಡ್ಡ ಕಾಣಲಿಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇವೆ. ಅದರಲ್ಲಿ ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಸೊಸೈಟಿಯ ಠರಾವು, ಮೂರು ಶಾಲೆಯ ಸ್ಮರಣ ಸಂಚಿಕೆ ಇವೆಯೆಂದು ಕಾಕಾ ಹೇಳುತ್ತಾರೆ.

ಆ ಎರಡು ಪುಟದ ಪ್ರತಿ ಸವದತ್ತಿ ಕಡೆಯ ಒಬ್ಬ ಹಾಡುಗಾರರ ಮನೆಯ ಮಾಡಿನಲ್ಲಿದೆ ಎಂದು ಸುದ್ದಿ. ನಾಡಿದ್ದು ಹೋಗುತ್ತೇವೆ. ನಿಮ್ಮಲ್ಲಿ ಬೈಕ್ ಇದ್ದವರು ಇಬ್ಬರು ಬನ್ನಿ. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಬರುವವರು ಒಬ್ಬರು ಬನ್ನಿ, ಪುಟ ಸಿಗದಿದ್ದರೆ ಅವರು ಹಾಡುತ್ತಾರಂತೆ, ಕೇಳಿ ಬರೆದುಕೊಳ್ಳಬೇಕು. ಉಳಿದವರು ನಾಳೆ ಬೆಳಿಗ್ಗೆ ೧೦ಕ್ಕೆ ಅಂಗಡಿಗೆ ಬನ್ನಿ. ನಿಮ್ಮ ಮನೆಯ ಹಳೆಯ ಸೀಡಿ, ಪೆನ್‌ಡ್ರೈವ್, ಸತ್ತ ಡಬ್ಬಿ ಏನಿದ್ದರೂ ತನ್ನಿ. ಪೆನ್‌ಡ್ರೈವ್ ತಂದವರು ಬೇಜಾರು ಮಾಡಿಕೊಳ್ಳಬೇಡಿ, ಮೊದಲು ಹುಳು ಇದೆಯೋ ಇಲ್ಲವೋ ನೋಡಿಯೇ ಚುಚ್ಚುವುದು.